ಆಮೆಯ ಚಿಪ್ಪು ಮೆತ್ತಗಾಗಿದೆ, ಅಂಚು ಮಡಚಿದೆ: ಮೊದಲಿನಂತೆ ಆಗುತ್ತದಾ?

ಪ್ರಶ್ನೆ: ನಾವು ದಾವಣಗೆರೆಯವರು. ನಾಲ್ಕು ವರ್ಷದ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ಅಂಗಡಿಯಿಂದ ಒಂದು ಆಮೆಮರಿ ತಂದಿದ್ದೆವು. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದೆ. ಈಗ ಚಿಪ್ಪಿನ ಉದ್ದ ಸುಮಾರು 5 ಇಂಚು, ಮುಂಗಾಲಿನ ಉಗುರು ಗಿಡ್ಡ. ಎರಡಡಿ ಗಾಜಿನ ಟ್ಯಾಂಕಿಗೆ ಬೋರ್‌ವೆಲ್ ನೀರು ಹಾಕಿ ಹಾಲ್‌ನಲ್ಲಿ ಇಟ್ಟಿದ್ದೇವೆ. ಮುಚ್ಚಿದ ಕಿಟಕಿಯಿಂದ ಬಿಸಿಲು ಬೀಳುತ್ತದೆ. ನೀರಿನ ಆಮೆ ಅಂತ ಕಲ್ಲು ಗಿಲ್ಲು ಏನೂ ಇಟ್ಟಿಲ್ಲ. ಅಂಗಡಿಯವರು ಹೇಳಿದ ಹಾಗೆ ಒಣ ಸಿಗಡಿ ಹಾಕುತ್ತೇವೆ, ಒಮ್ಮೊಮ್ಮೆ ಅನ್ನ. ಕಳೆದ ಒಂದು ವರ್ಷದಿಂದ ಚಿಪ್ಪಿನ ಹಿಂದಿನ ಅಂಚು ಮೇಲಕ್ಕೆ ಮಡಚಿಕೊಂಡಿದೆ, ನಡುಬೆನ್ನು ತಗ್ಗಾಗಿದೆ, ಒತ್ತಿದರೆ ಬಾಗುತ್ತದೆ. ಅಲ್ಲಲ್ಲಿ ಬಿಳಿ ಕಲೆ ಇದೆ, ಮೇಲಿನ ಪದರ ಸುಲಿಯುತ್ತಿದೆ. ಒಬ್ಬರು ಅರಿಶಿನ ಬೆರೆಸಿದ ಕೊಬ್ಬರಿ ಎಣ್ಣೆ ಹಚ್ಚಿ ಅಂದರು. ಇನ್ನೊಬ್ಬರು ಮಕ್ಕಳ ಕ್ಯಾಲ್ಸಿಯಂ ಸಿರಪ್ ಕೊಡಿ ಅಂದರು. ಮನೆಯ ಹಿರಿಯರು ಕುಂದುವಾಡ ಕೆರೆಗೆ ಬಿಟ್ಟುಬಿಡಿ ಅನ್ನುತ್ತಿದ್ದಾರೆ. ಅದಕ್ಕೆ ನೋವಾಗುತ್ತಿದೆಯಾ? ಚಿಪ್ಪು ಮೊದಲಿನಂತೆ ಆಗುತ್ತದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಚಿಪ್ಪಿನ ಆಕಾರ ಪೂರ್ತಿ ಸರಿಹೋಗುವುದಿಲ್ಲ. ಮಡಚಿದ ಅಂಚು, ತಗ್ಗಾದ ಬೆನ್ನು ಬಹುಪಾಲು ಹಾಗೇ ಉಳಿಯುತ್ತವೆ. ಆದರೆ ಚಿಪ್ಪು ಮತ್ತೆ ಗಟ್ಟಿಯಾಗಬಹುದು, ಇನ್ನು ಮುಂದೆ ಬೆಳೆಯುವ ಭಾಗ ಸರಿಯಾಗಿ ಬೆಳೆಯಬಹುದು, ಆಮೆ ಇನ್ನೂ ಎಷ್ಟೋ ವರ್ಷ ಚೆನ್ನಾಗಿ ಬದುಕಬಹುದು. ನೀವು ಬರೆದಿದ್ದನ್ನು ನೋಡಿದರೆ ಕಾಲ ಮೀರಿದೆ ಅಂತ ನನಗನಿಸುವುದಿಲ್ಲ. ಹಾಗಂತ ಮುಂದಿನ ತಿಂಗಳು ನೋಡೋಣ ಅನ್ನುವಂತೆಯೂ ಇಲ್ಲ. ಈ ವಾರವೇ ಕೆಲಸ ಶುರುವಾಗಬೇಕು.

ನಿಮ್ಮ ಹತ್ತಿರ ಇರುವುದು ರೆಡ್ ಇಯರ್ಡ್ ಸ್ಲೈಡರ್. ಮೂಲತಃ ಅಮೆರಿಕದ ಮಿಸಿಸಿಪ್ಪಿ ನದಿ ಸೀಮೆಯದು. ಕೆಂಪು ಪಟ್ಟೆಯ ವಿಷಯ ಬರೆದಿದ್ದು ಒಳ್ಳೆಯದಾಯಿತು. ಯಾಕೆಂದರೆ "ಚಿಪ್ಪಿನ ಅಂಚು ಮೆತ್ತಗಿದೆ" ಅಂತ ನನ್ನ ಹತ್ತಿರ ಬರುವ ಕೆಲವು ಆಮೆಗಳಿಗೆ ಕಾಯಿಲೆಯೇ ಇರುವುದಿಲ್ಲ. ಅವು ನಮ್ಮ ಕೆರೆ, ಗದ್ದೆಗಳಲ್ಲಿ ಸಿಗುವ ಮೆತ್ತನೆ ಚಿಪ್ಪಿನ ಆಮೆಗಳು. ಅವುಗಳ ಚಿಪ್ಪಿನ ಮೇಲೆ ಚರ್ಮವಿರುತ್ತದೆ, ಅಂಚು ಬಾಗುವುದೇ ಸಹಜ. ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ನಕ್ಷತ್ರ ಆಮೆಗೂ ಇದೇ ಮಾತು. ಯಾರ ಮನೆಯಲ್ಲಾದರೂ ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದೊಂದೇ ದಾರಿ.

ಸ್ಲೈಡರ್ ಮಾತು ಬೇರೆ. ಮೊಟ್ಟೆಯಿಂದ ಹೊರಬಂದ ಹೊಸತರಲ್ಲಿ ಅದರ ಚಿಪ್ಪು ಸ್ವಲ್ಪ ಬಾಗುತ್ತದೆ. ನಾಲ್ಕು ವರ್ಷದ ಸ್ಲೈಡರ್ ಚಿಪ್ಪು ಯಾವ ಕಾರಣಕ್ಕೂ ಬಾಗಬಾರದು.

ನೋವಿನ ವಿಷಯ. ಚಿಪ್ಪು ಅಂದರೆ ಆಮೆ ಹೊತ್ತುಕೊಂಡಿರುವ ಪೆಟ್ಟಿಗೆ ಅಂತ ತುಂಬಾ ಜನ ತಿಳಿದಿದ್ದಾರೆ, ಅದಕ್ಕೇ ಅಲ್ಲಿ ಏನೂ ಗೊತ್ತಾಗುವುದಿಲ್ಲ ಅಂದುಕೊಳ್ಳುತ್ತಾರೆ. ಚಿಪ್ಪು ಆಮೆಯ ಅಸ್ಥಿಪಂಜರದ ಭಾಗ. ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಚಪ್ಪಟೆಯಾಗಿ ಒಂದಕ್ಕೊಂದು ಬೆಸೆದುಕೊಂಡು ಚಿಪ್ಪು ಆಗಿದೆ. ಅದರೊಳಗೆ ರಕ್ತ ಹರಿಯುತ್ತದೆ, ನರಗಳಿವೆ. ಮುಟ್ಟಿದರೆ ತಿಳಿಯುತ್ತದೆ, ಕೆರೆದರೆ ನೋವಾಗುತ್ತದೆ. ಮೂಳೆಯ ಮೇಲೆ ಮಾಡಿನ ಹೆಂಚಿನ ಹಾಗೆ ಕೂತಿರುವ ಬಿಲ್ಲೆಗಳು ಮಾತ್ರ ನಮ್ಮ ಉಗುರಿನ ವಸ್ತುವಿನವು. ಬೆನ್ನಿನ ಮೇಲೆ ಅಂಥ 38 ಬಿಲ್ಲೆಗಳಿರುತ್ತವೆ. ಎಣಿಸಿದಾಗ ಒಂದು ಹೆಚ್ಚೋ ಕಡಿಮೆಯೋ ಆದರೆ ಗಾಬರಿ ಬೇಡ. ಅದು ಮೊಟ್ಟೆಯೊಳಗೆ ಬೆಳೆಯುವಾಗಲೇ ಆದ ವ್ಯತ್ಯಾಸ, ಅದರಿಂದ ತೊಂದರೆ ಇಲ್ಲ.

ಆದ್ದರಿಂದ ಮೆತ್ತನೆ ಚಿಪ್ಪು ಅಂದರೆ ಮೆತ್ತನೆ ಮೂಳೆ. ಕಾಯಿಲೆ ಚಿಪ್ಪಿನ ಮೇಲ್ಭಾಗದ್ದಲ್ಲ, ಮೈಯೆಲ್ಲದ್ದು. ಇದಕ್ಕೆ ಮೆಟಬಾಲಿಕ್ ಬೋನ್ ಡಿಸೀಸ್ ಅನ್ನುತ್ತೇವೆ. ಡಿ ವಿಟಮಿನ್ ಕೊರತೆಯಿಂದ ಮಕ್ಕಳ ಕಾಲು ಸೊಟ್ಟಗಾಗುವ ರಿಕೆಟ್ಸ್ ಕೇಳಿರುತ್ತೀರಿ, ಅಲ್ವಾ? ಮೂಲ ಕಾರಣ ಅದೇ. ಮನೆಯಲ್ಲಿ ಸಾಕಿದ ನೀರಾಮೆಗಳಲ್ಲಿ ನಾನು ಅತಿ ಹೆಚ್ಚು ನೋಡುವ ಕಾಯಿಲೆಯೂ ಇದೇ.

ನಿಮ್ಮ ಮನೆಯಲ್ಲಿ ಇದು ಹೇಗೆ ಬಂತು ಅಂತ ನೋಡೋಣ. ಆಮೆ ಬಿಸಿಲಿಗೆ ಮೈಯೊಡ್ಡಿದಾಗ ಅದರ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗುತ್ತದೆ. ಅದಕ್ಕೆ ಬೇಕಾದದ್ದು ಬಿಸಿಲಿನಲ್ಲಿರುವ ಯುವಿಬಿ ಅನ್ನುವ ಅತಿನೇರಳೆ ಕಿರಣ, ಜೊತೆಗೆ ಮೈ ಬಿಸಿ. ಕಿಟಕಿಯ ಗಾಜು ಯುವಿಬಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆದುಬಿಡುತ್ತದೆ. ನಿಮ್ಮ ಟ್ಯಾಂಕಿನ ಗೋಡೆಯೂ ಗಾಜೇ. ಹಾಲ್‌ನಲ್ಲಿ ಬೆಳ್ಳಗೆ ಬೀಳುತ್ತಿದ್ದ ಆ ಬಿಸಿಲಿನಿಂದ ಆಮೆಗೆ ಬೆಳಕು ಸಿಕ್ಕಿತು, ಡಿ3 ಸಿಗಲಿಲ್ಲ. ಎಲ್‌ಇಡಿ, ಟ್ಯೂಬ್‌ಲೈಟ್‌ಗಳಿಂದಲೂ ಸಿಗುವುದಿಲ್ಲ. ಇನ್ನು ಒಣ ಸಿಗಡಿ. ಅದರಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಮೈಗೆ ಹತ್ತುವ ಕ್ಯಾಲ್ಸಿಯಂ ಕಡಿಮೆ. ಆಮೆಯ ಆಹಾರದಲ್ಲಿ ರಂಜಕದ ಎರಡು ಪಟ್ಟು ಕ್ಯಾಲ್ಸಿಯಂ ಇರಬೇಕು. ಅನ್ನದಿಂದ ಏನೂ ಪ್ರಯೋಜನವಿಲ್ಲ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹೃದಯ, ಸ್ನಾಯು ಕೆಲಸ ಮಾಡಲಾರವು. ಆಗ ದೇಹ ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಹಾಕುತ್ತದೆ. ಆಮೆಯ ಮೈಯಲ್ಲಿ ಅತಿ ದೊಡ್ಡ ಮೂಳೆ ಚಿಪ್ಪೇ ಆಗಿರುವುದರಿಂದ ಅಲ್ಲಿಂದಲೇ ಜಾಸ್ತಿ ಹೋಗುತ್ತದೆ. ಖಾಲಿಯಾದ ಜಾಗದಲ್ಲಿ ನಾರಿನಂಥ ಮೆತ್ತನೆ ಅಂಗಾಂಶ ತುಂಬುತ್ತದೆ. ಕಾಲಿನ ಸ್ನಾಯುಗಳು ಒಳಗಿನಿಂದ ಚಿಪ್ಪಿಗೇ ಅಂಟಿಕೊಂಡಿರುತ್ತವೆ. ಆಮೆ ಈಜಿದಾಗೆಲ್ಲ ಅವು ಎಳೆಯುತ್ತವೆ, ಮೆತ್ತಗಾದ ಚಿಪ್ಪು ಎಳೆದ ಕಡೆಗೆ ಬಾಗುತ್ತದೆ, ಹಾಗೇ ಬೆಳೆಯುತ್ತದೆ. ನಡುಬೆನ್ನು ತಗ್ಗಾಗಿ ಅಂಚು ಮೇಲೆದ್ದಿರುವುದು ಹೀಗೆ.

ಎಕ್ಸ್‌ರೇ ತೆಗೆದರೆ ಇದು ಎದ್ದು ಕಾಣುತ್ತದೆ. ಆರೋಗ್ಯವಂತ ಸ್ಲೈಡರ್‌ನ ಫಿಲ್ಮ್‌ನಲ್ಲಿ ಚಿಪ್ಪಿನ ಅಂಚು ದಪ್ಪ ಬಿಳಿ ಗೆರೆಯಾಗಿ ಕಾಣುತ್ತದೆ, ಕಾಲಿನ ಮೂಳೆಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತವೆ. ಈ ಕಾಯಿಲೆ ಬಂದ ಆಮೆಯ ಫಿಲ್ಮ್‌ನಲ್ಲಿ ಮೂಳೆ ಎಲ್ಲಿ ಮುಗಿಯಿತು, ಮಾಂಸ ಎಲ್ಲಿ ಶುರುವಾಯಿತು ಅಂತ ಹುಡುಕಬೇಕು. ಎಲ್ಲವೂ ಒಂದೇ ಬೂದುಬಣ್ಣ.

ಬಿಳಿ ಕಲೆ, ಸುಲಿಯುವ ಪದರ, ಇವೆರಡೂ ಈ ಕಾಯಿಲೆಯ ಲಕ್ಷಣವೇ ಆಗಬೇಕಿಲ್ಲ. ಸ್ಲೈಡರ್ ಬೆಳೆಯುವಾಗ ಹಳೆಯ ಬಿಲ್ಲೆ ಕಳಚುವುದು ಸಹಜ. ಉದುರಿದ ಒಂದು ಬಿಲ್ಲೆ ಎತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಆಚೆಯದು ಕಾಣುವಷ್ಟು ತೆಳು ಇದ್ದು, ಇಡೀ ಬಿಲ್ಲೆಯ ಆಕಾರದಲ್ಲೇ ಬಂದಿದ್ದರೆ, ಕೆಳಗೆ ಹೊಸ ಬಿಲ್ಲೆ ನಯವಾಗಿದ್ದರೆ ಚಿಂತೆ ಇಲ್ಲ. ದಪ್ಪ ಚೂರು ಎದ್ದು ಬರುತ್ತಿದ್ದರೆ, ಅಡಿಯಲ್ಲಿ ಹಸಿ ಗಾಯ ಅಥವಾ ಮೂಳೆ ಕಂಡರೆ ಅದು ಕಾಯಿಲೆ. ಆಮೆಗೆ ಮೈ ಒಣಗಿಸಿಕೊಳ್ಳಲು ಜಾಗವೇ ಇಲ್ಲದಿದ್ದಾಗ ಬಿಲ್ಲೆಗಳು ಉದುರದೆ ಒಂದರ ಮೇಲೊಂದು ಉಳಿದುಬಿಡುತ್ತವೆ. ನಡುವೆ ನೀರು ನಿಂತು ಸೋಂಕಾಗುತ್ತದೆ. ನಿಮ್ಮಲ್ಲಿ ಕಲ್ಲು ಇಲ್ಲದ್ದರಿಂದ ಇದೂ ಇರಬಹುದು.

ಬಿಳಿ ಕಲೆಗೆ ಸುಲಭದ ಪರೀಕ್ಷೆ ಇದೆ. ಮೈ ಒಣಗಿದಾಗ ಮಾತ್ರ ಕಂಡು, ನೀರಿಗಿಳಿದ ಕೂಡಲೇ ಮಾಯವಾದರೆ ಅದು ಬೋರ್‌ವೆಲ್ ನೀರಿನ ಸುಣ್ಣದ ಕಲೆ. ಬಕೆಟ್ಟಿಗೆ, ನಲ್ಲಿಗೆ ಹಿಡಿಯುತ್ತದಲ್ಲ, ಅದೇ. ಹೆದರಬೇಕಾದದ್ದು ಚಿಪ್ಪಿನಲ್ಲಿ ಗುಳಿ ಬಿದ್ದಾಗ, ಉಗುರು ತಾಗಿಸಿದರೆ ಪುಡಿಯಾದಾಗ, ಕೆಟ್ಟ ವಾಸನೆ ಬಂದಾಗ. ಅದು ಚಿಪ್ಪು ಕೊಳೆಯುವ ಕಾಯಿಲೆ, ಬಹುಪಾಲು ಬ್ಯಾಕ್ಟೀರಿಯಾದಿಂದ ಬರುತ್ತದೆ. ಹೊಟ್ಟೆಯ ಕಡೆಯ ಚಿಪ್ಪು ಕೆಂಪಡರಿದ್ದರೆ ಸೋಂಕು ರಕ್ತಕ್ಕೆ ಸೇರಿರಬಹುದು. ಆಗ ಅವತ್ತೇ ವೈದ್ಯರ ಹತ್ತಿರ ಹೋಗಬೇಕು.

ಈಗ ನಿಮಗೆ ಬಂದ ಸಲಹೆಗಳಿಗೆ ಬರುತ್ತೇನೆ. ಎಣ್ಣೆ ಬೇಡ. ಮೆತ್ತಗಾಗಿರುವುದು ಒಳಗಿನ ಮೂಳೆ, ಮೇಲೆ ಸವರಿದ್ದು ಅಲ್ಲಿಗೆ ತಲುಪುವುದಿಲ್ಲ. ಬಿಲ್ಲೆಗಳ ಸಂದಿಯಲ್ಲಿ ಎಣ್ಣೆ, ಕೊಳೆ ಕೂತು ಗಾಳಿ ಆಡದ ಜಾಗವಾಗುತ್ತದೆ. ಸೋಂಕಿಗೆ ಅಂಥ ಜಾಗವೇ ಬೇಕು. ಅರಿಶಿನ ಬಳಿದರೆ ಚಿಪ್ಪಿನ ನಿಜವಾದ ಬಣ್ಣ ಮುಚ್ಚಿಹೋಗಿ ವೈದ್ಯರಿಗೆ ಕಲೆ, ಗಾಯ ಗುರುತಿಸುವುದು ಕಷ್ಟ. ಬ್ರಷ್ ಹಾಕಿ ಗಸಗಸ ಉಜ್ಜುವುದೂ ಬೇಡ, ಎದ್ದ ಬಿಲ್ಲೆ ಕೀಳುವುದೂ ಬೇಡ.

ಸಿರಪ್ ವಿಷಯದಲ್ಲಿ ಯೋಚನೆ ಸರಿ ಇದೆ, ಔಷಧ ಸರಿ ಇಲ್ಲ. ಮಕ್ಕಳ ಎಷ್ಟೋ ಸಿರಪ್‌ಗಳಲ್ಲಿ ರಂಜಕವೂ ಇರುತ್ತದೆ, ನಿಮ್ಮ ಆಮೆಗೆ ಈಗಾಗಲೇ ಅದು ಹೆಚ್ಚಾಗಿದೆ. ಇನ್ನು ಅದರಲ್ಲಿರುವ ಡಿ3. ಬಿಸಿಲಿನಿಂದ ತಯಾರಾಗುವ ಡಿ3 ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲುತ್ತದೆ. ಬಾಯಿಗೆ ಹಾಕಿದ್ದಕ್ಕೆ ಆ ತಡೆ ಇಲ್ಲ. ಅತಿಯಾದರೆ ಕ್ಯಾಲ್ಸಿಯಂ ಮೂಳೆ ಬಿಟ್ಟು ಕಿಡ್ನಿಯಲ್ಲಿ, ರಕ್ತನಾಳಗಳಲ್ಲಿ ಕೂರುತ್ತದೆ, ಅದನ್ನು ತೆಗೆಯಲು ಬರುವುದಿಲ್ಲ. ಆಮೆಯನ್ನು ತೂಗಿ, ತೂಕಕ್ಕೆ ಲೆಕ್ಕ ಹಾಕಿ ವೈದ್ಯರೇ ಕೊಡಬೇಕಾದ ಔಷಧ ಇದು.

ಕೆರೆಗೆ ಬಿಡುವ ಮಾತಿನ ಹಿಂದೆ ಹಿರಿಯರ ಕರುಣೆ ಇದೆ, ನನಗೆ ಅರ್ಥವಾಗುತ್ತದೆ. ಆದರೂ ದಯವಿಟ್ಟು ಬಿಡಬೇಡಿ. ಮೂಳೆ ಮೆತ್ತಗಾದ ಆಮೆ ಅಲ್ಲಿ ತಾನಾಗಿ ಊಟ ಹುಡುಕಿಕೊಳ್ಳಲಾರದು, ನಾಯಿ ಬಾಯಿಗೆ ಸಿಕ್ಕರೆ ಚಿಪ್ಪು ಕಾಪಾಡುವುದಿಲ್ಲ. ಒಂದು ವೇಳೆ ಬದುಕಿಕೊಂಡರೆ ಅದು ಇನ್ನೊಂದು ತೊಂದರೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಅನ್ಯಜೀವಿಗಳ ಪಟ್ಟಿಯಲ್ಲಿ ಸ್ಲೈಡರ್ ಇದೆ. ಬೆಂಗಳೂರಿನ ಕೆರೆಗಳಲ್ಲಿ ಜನ ಬಿಟ್ಟ ಸ್ಲೈಡರ್‌ಗಳು ಈಗಾಗಲೇ ಕಾಣಿಸಿಕೊಂಡಿವೆ. ನಮ್ಮ ಕೆರೆಯ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎರಡನ್ನೂ ಇವು ಕಿತ್ತುಕೊಳ್ಳುತ್ತವೆ, ರೋಗವನ್ನೂ ಹರಡುತ್ತವೆ. ಸಾಕಲು ಆಗುವುದೇ ಇಲ್ಲ ಅಂತಾದರೆ ಪ್ರಾಣಿ ರಕ್ಷಣಾ ಸಂಸ್ಥೆಗಳನ್ನು ಕೇಳಿ, ಅಥವಾ ಜವಾಬ್ದಾರಿ ಗೊತ್ತಿರುವ ಇನ್ನೊಬ್ಬರಿಗೆ ಕೊಡಿ.

ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು? ನಿಮಗೆ ಹತ್ತಿರ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಮೊದಲು ಫೋನ್ ಮಾಡಿ, ಆಮೆ ನೋಡುವವರು ಯಾವ ದಿನ ಇರುತ್ತಾರೆ, ಎಕ್ಸ್‌ರೇ ಆಗುತ್ತದಾ ಅಂತ ಕೇಳಿಕೊಳ್ಳಿ. ಕರೆದೊಯ್ಯುವಾಗ ನೀರು ತುಂಬಿದ ಬಕೆಟ್ ಬೇಡ. ಗಾಳಿಗೆ ತೂತು ಮಾಡಿದ ಡಬ್ಬದಲ್ಲಿ ಒದ್ದೆ ಟವೆಲ್ ಹಾಸಿ ಅದರ ಮೇಲೆ ಇಡಿ. ಚಿಪ್ಪನ್ನು ಎರಡೂ ಪಕ್ಕದಿಂದ ಹಿಂಡಿ ಹಿಡಿಯಬೇಡಿ, ಅಡಿಯಲ್ಲಿ ಅಂಗೈ ಕೊಟ್ಟು ಎತ್ತಿ. ಮೂಳೆ ಈಗ ಸುಲಭವಾಗಿ ಮುರಿಯುತ್ತದೆ. ಎಷ್ಟು ಮೆತ್ತಗಿದೆ ಅಂತ ಮತ್ತೆಮತ್ತೆ ಒತ್ತಿ ನೋಡುವುದನ್ನೂ ನಿಲ್ಲಿಸಿ.

ಎಕ್ಸ್‌ರೇ ನೋಡಿ, ಸಾಧ್ಯವಾದರೆ ರಕ್ತಪರೀಕ್ಷೆಯನ್ನೂ ಮಾಡಿ, ಕ್ಯಾಲ್ಸಿಯಂ ಬಾಯಿಗೆ ಕೊಡಬೇಕೋ ಇಂಜೆಕ್ಷನ್ನೋ ಅಂತ ವೈದ್ಯರು ತೀರ್ಮಾನಿಸುತ್ತಾರೆ. ಇಂಜೆಕ್ಷನ್ ಬೇಗ ಕೆಲಸ ಮಾಡುತ್ತದೆ, ಆದರೆ ಆಮೆಯ ಮೈಯಲ್ಲಿ ನೀರಿನಂಶ ಕಡಿಮೆ ಇದ್ದಾಗ ಕೊಟ್ಟರೆ ಕಿಡ್ನಿಗೆ ಪೆಟ್ಟು. ಕೈಕಾಲು ನಡುಗುತ್ತಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ, ದವಡೆ ಮೆತ್ತಗಾಗಿ ಕಚ್ಚಲು ಆಗದಿದ್ದರೆ ಇಂಜೆಕ್ಷನ್‌ನಿಂದಲೇ ಶುರು ಮಾಡಬೇಕಾಗಬಹುದು. ಚೆನ್ನಾಗಿ ತಿನ್ನುತ್ತಿದ್ದರೆ ಬಾಯಿಯ ಔಷಧ, ಬಿಸಿಲು, ಊಟ ಇಷ್ಟರಲ್ಲೇ ಎಷ್ಟೋ ಆಮೆಗಳು ಸುಧಾರಿಸುತ್ತವೆ. ಒಂದು ಮುಖ್ಯ ಮಾತು: ನಾಯಿ, ದನಗಳಿಗೆ ಹುಳದ ಔಷಧವಾಗಿ ಬಳಸುವ ಐವರ್‌ಮೆಕ್ಟಿನ್ ಆಮೆಗಳ ಪ್ರಾಣ ತೆಗೆಯುತ್ತದೆ. ಆಮೆ ನೋಡಿ ರೂಢಿ ಇಲ್ಲದ ಕಡೆ ಹೋಗಬೇಕಾಗಿ ಬಂದರೆ ಇದನ್ನು ನೀವೇ ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಯಾವ ಒಳ್ಳೆಯ ವೈದ್ಯರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಸ್ಪತ್ರೆಗೆ ಹೋಗುವವರೆಗೆ ಕಾಯದೆ ಮನೆಯಲ್ಲಿ ಇವತ್ತೇ ಬದಲಿಸಬೇಕಾದದ್ದು ಬಿಸಿಲು. ದಾವಣಗೆರೆಯಲ್ಲಿ ಬಿಸಿಲಿಗೆ ಬರವಿಲ್ಲ. ಬೆಳಿಗ್ಗೆ 8ರಿಂದ 10 ಗಂಟೆಯೊಳಗೆ ದಿನಾ 20–30 ನಿಮಿಷ ನೇರ ಬಿಸಿಲಿನಲ್ಲಿಡಿ. ಗಾಜಿನ ಟ್ಯಾಂಕನ್ನೇ ಎತ್ತಿ ಬಿಸಿಲಿಗಿಡಬೇಡಿ, ಒಳಗೆ ಬೇಗ ಕಾದು ಆಮೆ ಸಾಯುತ್ತದೆ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಎರಡು ಇಂಚು ನೀರು ಹಾಕಿ, ನೀರಿನಿಂದ ಮೇಲೆ ಬರಲು ಒಂದು ಚಪ್ಪಟೆ ಕಲ್ಲು ಇಟ್ಟು, ಅರ್ಧ ಟಬ್ಬಿಗೆ ಹಲಗೆ ಮುಚ್ಚಿ ನೆರಳು ಮಾಡಿ. ಬಿಸಿ ಹೆಚ್ಚಾದಾಗ ಅದು ನೆರಳಿಗೆ ಹೋಗುವಂತಿರಬೇಕು. ಏಪ್ರಿಲ್, ಮೇನಲ್ಲಿ ಇನ್ನೂ ಬೇಗ ಮುಗಿಸಿ. ಕಾಗೆ, ಹದ್ದು, ಬೆಕ್ಕು ಇರುತ್ತವೆ, ಒಬ್ಬರು ಪಕ್ಕದಲ್ಲೇ ಕೂರಬೇಕು.

ಮಳೆಗಾಲಕ್ಕೆ ಯುವಿಬಿ ಲ್ಯಾಂಪ್ ಬೇಕಾಗುತ್ತದೆ. ಸರೀಸೃಪಗಳಿಗೆ ಅಂತಲೇ ಬರುವ ಟ್ಯೂಬ್ ತೆಗೆದುಕೊಳ್ಳಿ. ಎಷ್ಟು ಎತ್ತರದಲ್ಲಿ ಕಟ್ಟಬೇಕು ಅಂತ ಪೆಟ್ಟಿಗೆಯ ಮೇಲೆ ಇರುತ್ತದೆ, ನಡುವೆ ಗಾಜು, ಪ್ಲಾಸ್ಟಿಕ್ ಮುಚ್ಚಳ ಇರಬಾರದು. ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ಅದರ ಯುವಿಬಿ ಕುಗ್ಗಿಹೋಗುತ್ತದೆ, ಬೆಳಕು ಮಾತ್ರ ಬರುತ್ತಲೇ ಇರುತ್ತದೆ. ಅದಕ್ಕೇ ಹಾಕಿದ ತಾರೀಕನ್ನು ಅದರ ಮೇಲೇ ಬರೆದಿಡಿ. ಟ್ಯಾಂಕಿನೊಳಗೆ ಮೈ ಪೂರ್ತಿ ಒಣಗುವಂಥ ಒಂದು ಜಾಗ ಬೇಕು, ಅಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಳೆಯ ಕಾಲದ ಹಳದಿ ಬಲ್ಬ್ ಸಾಕು, ಥರ್ಮಾಮೀಟರ್ ಇಟ್ಟು ಎತ್ತರ ಹೊಂದಿಸಿ. ನೀರು 25 ಡಿಗ್ರಿ ಆಸುಪಾಸು.

ಟ್ಯಾಂಕ್ ಸಣ್ಣದಾಯಿತು. ಚಿಪ್ಪಿನ ಒಂದೊಂದು ಇಂಚಿಗೆ 40 ಲೀಟರ್ ಅನ್ನುವುದು ಸಾಕುವವರ ಲೆಕ್ಕ, ಅಂದರೆ ನಿಮಗೆ 200 ಲೀಟರ್. ನಿಮ್ಮದು ಕಂಠಮಟ್ಟ ತುಂಬಿಸಿದರೂ 55–60 ಲೀಟರ್ ಇದ್ದೀತು. ಸಣ್ಣ ಟ್ಯಾಂಕಿನಲ್ಲಿಟ್ಟರೆ ಆಮೆ ಸಣ್ಣದೇ ಉಳಿಯುತ್ತದೆ ಅಂತ ಅಂಗಡಿಗಳಲ್ಲಿ ಹೇಳುವುದು ಸುಳ್ಳು. ಹೆಣ್ಣು ಸ್ಲೈಡರ್ 10–12 ಇಂಚಿನವರೆಗೂ ಬೆಳೆಯುತ್ತದೆ. ದುಬಾರಿ ಅಕ್ವೇರಿಯಂ ಏನೂ ಬೇಡ, ನೀರು ತುಂಬಿಡುವ ದೊಡ್ಡ ಪ್ಲಾಸ್ಟಿಕ್ ತೊಟ್ಟಿಗೆ ಫಿಲ್ಟರ್ ಹಾಕಿದರೂ ನಡೆಯುತ್ತದೆ. ಆದರೆ ದೊಡ್ಡ ತೊಟ್ಟಿ ತಂದ ದಿನವೇ ನೀರು ತುಂಬಿಸಬೇಡಿ. ಮೂಳೆ, ಸ್ನಾಯು ಸೋತ ಆಮೆ ಆಳದಲ್ಲಿ ಮುಳುಗಿ ಸಾಯಬಹುದು. ಸದ್ಯಕ್ಕೆ ನಿಂತಲ್ಲೇ ಕತ್ತು ಚಾಚಿದರೆ ಮೂಗು ಮೇಲೆ ಬರುವಷ್ಟು ನೀರಿರಲಿ, ದಡಕ್ಕೆ ಹತ್ತುವ ದಾರಿ ಇಳಿಜಾರಾಗಿರಲಿ.

ಊಟದಲ್ಲಿ ಒಣ ಸಿಗಡಿ, ಅನ್ನ ನಿಲ್ಲಿಸಿ. ಆಮೆಗಳಿಗೆ ಅಂತ ಬರುವ ಒಳ್ಳೆಯ ಪೆಲೆಟ್ (ಗುಳಿಗೆ ಆಹಾರ) ಕೊಡಿ, ಒಂದು ಸಲಕ್ಕೆ ಅದರ ತಲೆಯ ಗಾತ್ರದಷ್ಟು ಸಾಕು. ಸಣ್ಣ ಮೀನನ್ನು ಮುಳ್ಳು ಸಮೇತ ವಾರಕ್ಕೊಮ್ಮೆ ಹಾಕಿ. ಬರೀ ಚಿಕನ್ ತುಂಡು ಬೇಡ, ಅದರಲ್ಲೂ ರಂಜಕವೇ ಜಾಸ್ತಿ. ದೊಡ್ಡದಾಗುತ್ತಾ ಬಂದಂತೆ ಸ್ಲೈಡರ್ ಸೊಪ್ಪಿನ ಕಡೆ ತಿರುಗುತ್ತದೆ. ನುಗ್ಗೆಸೊಪ್ಪು, ದಾಸವಾಳದ ಎಲೆ, ಹೈನುಗಾರರು ಬೆಳೆಯುವ ಅಜೋಲ್ಲಾ, ಇವೆಲ್ಲ ಚೆನ್ನಾಗಿವೆ. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಗಿಳಿ ಪಂಜರಕ್ಕೆ ಹಾಕುವ ಕಟಲ್ ಬೋನ್ ಚೂರೊಂದನ್ನು ನೀರಿನಲ್ಲಿ ತೇಲಿಬಿಡಿ, ಬೇಕಾದಾಗ ಕಡಿದುಕೊಳ್ಳುತ್ತದೆ. ಮೊದಲ ವಾರ ಸೊಪ್ಪನ್ನು ಮೂಸಿಯೂ ನೋಡದಿರಬಹುದು. ಸಿಗಡಿಯ ರುಚಿ ಹತ್ತಿದ ಆಮೆಗಳು ಹಟಮಾರಿಗಳು, ನೀವು ಸೋಲಬೇಡಿ.

ಇಷ್ಟೆಲ್ಲ ಮಾಡಿದರೆ ಚಿಪ್ಪು ಗಟ್ಟಿಯಾಗಲು ಎಷ್ಟು ದಿನ? ಚುರುಕುತನ, ಹಸಿವು ಕೆಲವು ವಾರಗಳಲ್ಲೇ ಮರಳುತ್ತವೆ. ಮೂಳೆ ತುಂಬಿಕೊಳ್ಳಲು ತಿಂಗಳುಗಳು ಬೇಕು. ಮೂರು ತಿಂಗಳಿಗೆ ಇನ್ನೊಂದು ಎಕ್ಸ್‌ರೇ ತೆಗೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ.

ಆಕಾರ ಕೆಟ್ಟ ಚಿಪ್ಪಿನೊಂದಿಗೆ ಆಮೆ ಹೇಗೆ ಬದುಕುತ್ತದೆ ಅನ್ನುವ ಚಿಂತೆಗೆ ಒಂದು ನಿಜವಾದ ಉದಾಹರಣೆ ಇದೆ. ಅಮೆರಿಕದ ಮಿಸೌರಿಯಲ್ಲಿ 1993ರಲ್ಲಿ ಒಂದು ಹೆಣ್ಣು ಸ್ಲೈಡರ್ ಸಿಕ್ಕಿತು. ಪಾನೀಯದ ಕ್ಯಾನ್‌ಗಳನ್ನು ಜೋಡಿಸುವ ಪ್ಲಾಸ್ಟಿಕ್ ಬಳೆಯೊಳಗೆ ಮರಿಯಿದ್ದಾಗಲೇ ಸಿಕ್ಕಿಹಾಕಿಕೊಂಡು, ಚಿಪ್ಪು ಇಂಗ್ಲಿಷಿನ 8ರ ಆಕಾರದಲ್ಲಿ ಬೆಳೆದುಬಿಟ್ಟಿತ್ತು. ಬಳೆ ಕತ್ತರಿಸಿದರು, ಪೀನಟ್ ಅಂತ ಹೆಸರಿಟ್ಟರು. ಸೊಂಟದ ಆ ತಗ್ಗು ಸರಿಹೋಗಲಿಲ್ಲ. ಆದರೂ ಆ ರಾಜ್ಯದ ವನ್ಯಜೀವಿ ಇಲಾಖೆಯ ಆರೈಕೆಯಲ್ಲಿ ಪೀನಟ್ ದಶಕಗಳ ಕಾಲ ಬದುಕಿದೆ.

ನಿಮ್ಮ ಆಮೆಯ ವಿಷಯದಲ್ಲಿ ಮುಂದೆ ಎರಡು ಕಡೆ ಕಣ್ಣಿರಲಿ. ಆಮೆಯ ಶ್ವಾಸಕೋಶ ಬೆನ್ನುಚಿಪ್ಪಿನ ಅಡಿಗೇ ಅಂಟಿಕೊಂಡಿರುತ್ತದೆ, ತಗ್ಗಾದ ಬೆನ್ನು ಅದರ ಜಾಗ ಕಿತ್ತುಕೊಂಡಿದೆ. ಒಂದು ಪಕ್ಕಕ್ಕೆ ವಾಲಿ ಈಜಿದರೆ, ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ ನ್ಯುಮೋನಿಯಾ ಇರಬಹುದು, ತಡ ಮಾಡಬೇಡಿ. ಎರಡನೆಯದು ಮೊಟ್ಟೆ. ಈ ಗಾತ್ರಕ್ಕೆ ಗಂಡಾಗಿದ್ದರೆ ಮುಂಗಾಲಿನ ಉಗುರು ಉದ್ದವಾಗಿರುತ್ತಿತ್ತು, ಹಾಗಾಗಿ ನಿಮ್ಮದು ಹೆಣ್ಣಿರಬೇಕು. ಗಂಡಿನ ಜೊತೆ ಇಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಮೊಟ್ಟೆಯ ಕವಚಕ್ಕೆ ಮತ್ತೆ ಕ್ಯಾಲ್ಸಿಯಂ ಬೇಕು, ಚಿಪ್ಪು ಸೊಟ್ಟಗಿದ್ದರೆ ಮೊಟ್ಟೆ ಹೊರಬರುವ ದಾರಿಯೂ ಇಕ್ಕಟ್ಟು. ಊಟ ಬಿಟ್ಟು ಹಿಂಗಾಲಿನಲ್ಲಿ ಕೆರೆಯುತ್ತಾ ಚಡಪಡಿಸಿದರೆ ಎಕ್ಸ್‌ರೇ ತೆಗೆಸಿ. ಮೊದಲ ಎಕ್ಸ್‌ರೇ ದಿನವೇ ಮೊಟ್ಟೆ ಇದೆಯಾ ಅಂತಲೂ ನೋಡಲು ಹೇಳಿ.

ಮನೆಯಲ್ಲಿ ಮಗು ಇರುವುದರಿಂದ ಇನ್ನೊಂದು ಮಾತು. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಅನ್ನುವ, ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಿಗೆ ಹರಡುತ್ತಿದ್ದದ್ದಕ್ಕೇ ಅಮೆರಿಕದಲ್ಲಿ 4 ಇಂಚಿಗಿಂತ ಸಣ್ಣ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ಹೆದರಿ ದೂರ ಇಡಬೇಕಿಲ್ಲ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ, ಮುತ್ತು ಕೊಡುವುದು ಬೇಡ. ಟ್ಯಾಂಕಿನ ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಬೇಡಿ, ಟಬ್ಬನ್ನೂ ಅಲ್ಲಿ ತೊಳೆಯಬೇಡಿ. ಬೆಳಗಿನ ಬಿಸಿಲಿನ ಹೊತ್ತಿನಲ್ಲಿ ಕಾವಲು ಕೂರುವ ಕೆಲಸವನ್ನು ಮಗಳಿಗೆ ಕೊಡಿ, ರಜೆ ದಿನಗಳಲ್ಲಾದರೂ, ದೊಡ್ಡವರೊಬ್ಬರ ಜೊತೆ. ಯಾವತ್ತು ಎಷ್ಟು ತಿಂದಿತು, ವಾರಕ್ಕೊಮ್ಮೆ ತೂಕ ಎಷ್ಟಿತ್ತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಶಿವಮೊಗ್ಗಕ್ಕೆ ಹೋಗುವಾಗ ಆ ಪುಸ್ತಕ, ಈಗ ಹಾಕುತ್ತಿರುವ ಊಟದ ಡಬ್ಬ, ಟ್ಯಾಂಕಿನ ಒಂದು ಫೋಟೋ ಮೂರನ್ನೂ ತೆಗೆದುಕೊಂಡು ಹೋಗಿ.